ಸೀಡಿ ಸುಡುವ ಅಂಗಡಿ

ಕಂಪ್ಯೂಟರ್ ಇಟ್ಟುಕೊಂಡು ಅಂಗಡಿ ನಡೆಸಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಆಗುವಾಗ ಬೆವರು ಬರುತ್ತದೆ. ನಗು ಬರಲಿಕ್ಕೆ ನಾಲ್ಕಾರು ವರ್ಷ ಹಿಡಿಯುತ್ತದೆ.

ನನ್ನದು ಶಹಾಪುರದ ಬಸ್ ನಿಲ್ದಾಣದ ಎದುರಿಗೆ ಕ್ಯಾಸೆಟ್ ಅಂಗಡಿ. ಕಾಲುವೆ ನೀರು ಬಂದು ಸುತ್ತಲಿನ ಊರುಗಳಲ್ಲಿ ಭತ್ತ ಹಚ್ಚಲು ಶುರುವಾದ ಮೇಲೆ ಟ್ರ್ಯಾಕ್ಟರ್ ಬಂದವು. ಟ್ರ್ಯಾಕ್ಟರಿಗೆ ಸೀಡಿ ಪ್ಲೇಯರ್ ಬಂದವು. ನನ್ನ ಕ್ಯಾಸೆಟ್ಟುಗಳ ಮೇಲೆ ಧೂಳು ಬಂತು. ಆಗ ನಾನೂ ಒಂದು ಕಂಪ್ಯೂಟರ್ ತಂದೆ. ಜನ ಹಳೆಯ ಕ್ಯಾಸೆಟ್ ತರುತ್ತಿದ್ದರು. ಅದರೊಳಗಿನ ಹಾಡನ್ನೋ ಮಾತನ್ನೋ ಕಂಪ್ಯೂಟರಿಗೆ ಇಳಿಸಿ, ಬೇಡದ್ದನ್ನು ಕತ್ತರಿಸಿ, ಸೀಡಿಗೆ ಏರಿಸಿ ಕೊಡುವುದು ನನ್ನ ಕೆಲಸ.

ಒಪ್ಪಿಗೆ

ಯಾದಗಿರಿಯ ಕಂಪ್ಯೂಟರ್ ವ್ಯಾಪಾರಿ ಮೂರು ಸಾಫ್ಟ್‌ವೇರ್ ತುಂಬಿದ ಒಂದು ಸೀಡಿ ಕೊಟ್ಟು, "ಯಾವುದು ಕೈಗಿ ಕೂಡ್ತದ ಅದನ್ನ ಇಟ್ಕೋರಿ" ಅಂದಿದ್ದ. ಮೊದಲನೆಯದರಲ್ಲಿ ಗುಂಡಿಗಳು ಎಷ್ಟಿದ್ದವೆಂದರೆ ಮೌಸ್ ಎಲ್ಲಿ ಇಟ್ಟರೂ ಏನೋ ಒಂದು ಆಗಿಬಿಡುತ್ತಿತ್ತು. ಎರಡನೆಯದು ಹಾಡು ಕತ್ತರಿಸುತ್ತಿತ್ತು, ಆದರೆ ಸೀಡಿ ಮಾಡುತ್ತಿರಲಿಲ್ಲ. ಮೂರನೆಯದು ಎರಡೂ ಮಾಡುತ್ತದೆ ಎಂದು ಕೇಳಿದ್ದೆ. ಅದನ್ನು ತೆರೆದರೆ ಮೊದಲಿಗೆ ಮಾರುದ್ದದ ಇಂಗ್ಲಿಷ್ ಬರಹ, ಕೆಳಗೆ 'ಒಪ್ಪಿದೆ' ಎಂದು ಒತ್ತುವ ಒಂದು ಗುಂಡಿ.

ನನ್ನ ಹೆಂಡತಿ ಪ್ರೈಮರಿ ಶಾಲೆಯಲ್ಲಿ ಟೀಚರ್. ನನಗಿಂತ ಆಕೆಗೆ ಇಂಗ್ಲಿಷ್ ಹೆಚ್ಚು ಬರುತ್ತದೆ ಎಂದು ಆ ಭಾನುವಾರ ಅಂಗಡಿಗೆ ಕರೆತಂದಿದ್ದೆ. ನಾನು ಗುಂಡಿ ಒತ್ತಲು ಹೋದರೆ ಕೈ ಹಿಡಿದಳು.

"ಓದಲಾರದ ಒಪ್ಪಿಗಿ ಹ್ಯಾಂಗ ಕೊಡ್ತೀರಿ?"

ಕುರ್ಚಿ ಎಳೆದುಕೊಂಡು ಕೂತು, ಪರೀಕ್ಷೆಯ ಪೇಪರ್ ತಿದ್ದುವಂತೆ ಒಂದೊಂದೇ ಸಾಲು ಓದತೊಡಗಿದಳು. ಒಂದು ತಾಸು ಆಯಿತು. ಇಬ್ಬರು ಗಿರಾಕಿಗಳು ಬಂದು, ಕಾದು, ಹೋದರು. ಕೊನೆಗೆ ಆಕೆ, "ಇಲ್ಲಿ ನೋಡ್ರಿ. ಮೂವತ್ತು ದಿನ ಪುಕ್ಕಟ. ಆಮ್ಯಾಲ ಖರೀದಿ ಮಾಡಲಿಲ್ಲಂದ್ರ ಹಾಡಿನ ನಡುವ ಅದೇ ಮಾತಾಡ್ತದಂತ" ಅಂದಳು.

"ಇದನ್ನೆಲ್ಲ ಯಾರು ಓದ್ತಾರ? ಎಲ್ಲಾರೂ ಸುಮ್ನ ಒತ್ತಿಬಿಡ್ತಾರ" ಅಂದೆ.

"ಗೊತ್ತದ ಬಿಡ್ರಿ" ಅಂದಳು. "ಹನ್ನೊಂದು ವರ್ಷದ ಹಿಂದ ನಾನೂ ಸುಮ್ನ ಒಪ್ಪೀನಿ. ತಲಿ ಮ್ಯಾಲ ಅಕ್ಕಿಕಾಳು ಬೀಳೋ ಮುಂದ ನನಗೂ ಯಾರೂ ಓದಾಕ ಕೊಡಲಿಲ್ಲ."

ನಡುವೆ ಮಾತಾಡುವ ತಾಯಿ

ಆಕೆ ಹೇಳಿದ ಮೂವತ್ತು ದಿನ ನನಗೆ ನೆನಪೇ ಉಳಿಯಲಿಲ್ಲ.

ದೋರನಹಳ್ಳಿಯ ಕಡೆಯಿಂದ ಒಂದು ಭಜನಾ ಮಂಡಳಿಯವರು ಬಂದರು. ಅವರ ಊರಿನಲ್ಲಿ ಒಬ್ಬ ಅಜ್ಜ ಚೆನ್ನಾಗಿ ಹಾಡುತ್ತಿದ್ದನಂತೆ. ಅವನು ತೀರಿಹೋದ ಮೇಲೆ ಅವನ ಪದಗಳು ಒಂದೇ ಒಂದು ಕ್ಯಾಸೆಟ್ಟಿನಲ್ಲಿ ಉಳಿದಿದ್ದವು. ಅದೂ ಆಗಾಗ ಸಿಕ್ಕಿಕೊಳ್ಳುತ್ತಿತ್ತು. "ಸೀಡಿ ಮಾಡಿಕೊಟ್ರ ಹೊಸ ಹುಡುಗ್ರು ಕೇಳಿ ಕಲೀತಾರ್ರಿ" ಅಂದರು. ಮಾಡಿಕೊಟ್ಟೆ. ಮೊದಲ ಪದ ಅರ್ಧ ಕೇಳಿ, ಚೆನ್ನಾಗಿ ಬಂದಿದೆ ಎಂದು ಕಳಿಸಿದೆ.

ತಿಂಗಳಾದ ಮೇಲೆ ಮಂಡಳಿಯ ಹಿರಿಯರು ಬಂದು, "ಹುಡುಗ್ರು ಪಕ್ಕಾ ಕಲ್ತಾರ. ನೀವು ಬಂದು ಕೇಳಾಕೇ ಬೇಕು" ಎಂದು ಒತ್ತಾಯ ಮಾಡಿದರು. ಸೋಮವಾರ ಸಂಜೆ ಹೋದೆ. ಗುಡಿಯ ಕಟ್ಟೆಯ ಮೇಲೆ ಕೂಡಿಸಿ, ಕಾಯಿ ಕೊಟ್ಟು, ಶಾಲು ಹೊದಿಸಿದರು. ಭಜನೆ ಶುರುವಾಯಿತು. ದನಿ, ತಾಳ, ದಮ್ಮಡಿ ಎಲ್ಲ ಒಂದೇ ಅಳತೆ. ಅಜ್ಜನೇ ಎದ್ದುಬಂದಂತಿತ್ತು.

ಎರಡು ನುಡಿ ಮುಗಿದವು. ದಮ್ಮಡಿ ಗಪ್ಪನೆ ನಿಂತಿತು. ಎಲ್ಲರೂ ಕಣ್ಣು ಮುಚ್ಚಿದರು. ಹನ್ನೆರಡು ಜನ ಒಟ್ಟಿಗೆ, ಸ್ವಲ್ಪ ಹೆಂಗಸಿನ ರಾಗದಲ್ಲಿ ಅಂದರು: "ದಿಸ್ ಈಸ್ ಎ ಟ್ರಯಲ್ ವರ್ಷನ್. ಪ್ಲೀಸ್ ರಿಜಿಸ್ಟರ್."

ಆಮೇಲೆ ಮತ್ತೆ ದಮ್ಮಡಿ, ಮೂರನೆಯ ನುಡಿ.

ನನ್ನ ಕೈಯಲ್ಲಿದ್ದ ಕಾಯಿ ಜಾರಿತು. ಹಿರಿಯರು ಕಿವಿಯ ಹತ್ತಿರ ಬಗ್ಗಿ, "ಆ ತಾಯಿ ನಡುನಡುವ ಅನ್ನೂದದಲ್ರೀ, ಅದನ್ನ ಕಲಿಯೂದು ಭಾಳ ತ್ರಾಸ್ ಆತು. ಅರ್ಥ ಏನ್ರೀ ಅದು?" ಅಂದರು.

"ಹೆಸರು ನೋಂದಾಯಿಸ್ರಿ ಅಂತಾಳ" ಅಂದೆ.

ಹಿರಿಯರು ಕೈ ಮುಗಿದರು. "ಮ್ಯಾಲ ಹೋದಾಗ ಎಲ್ಲಾರ ಹೆಸರೂ ನೋಂದಣಿ ಆಗೂದೇ ಅಲ್ರೀ!"

ಮಾರನೆಯ ದಿನವೇ ಯಾದಗಿರಿಗೆ ಹೋಗಿ ಪೂರಾ ಸಾಫ್ಟ್‌ವೇರ್ ಖರೀದಿಸಿದೆ. ಹೊಸ ಸೀಡಿ ಮಾಡಿ ಕಳಿಸಿದೆ. ಅವರು ಅದನ್ನು ತೆರೆದೇ ಇಲ್ಲವಂತೆ. ಪದ ಈಗಾಗಲೇ ಬಾಯಿಪಾಠ ಆಗಿದೆಯಲ್ಲ.

ಸುಡುವುದೋ ಬರೆಯುವುದೋ

ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮಾಸ್ತರರು ಒಂದು ದಿನ ಅಂಗಡಿಗೆ ಬಂದರು. ಕರವಸ್ತ್ರದಲ್ಲಿ ಸುತ್ತಿದ ಒಂದು ಕ್ಯಾಸೆಟ್ ತೆಗೆದರು. ಅವರ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದರು. ಮೊಮ್ಮಗಳಿಗೆ ಆಕೆ ಹೇಳಿದ ಕಥೆಗಳು ಅದರಲ್ಲಿದ್ದವು.

"ಇದೊಂದೇ ಉಳದದ ತಮ್ಮಾ. ಹುಷಾರಿ."

"ಚಿಂತಿ ಮಾಡಬ್ಯಾಡ್ರಿ ಸರ್. ಕಂಪ್ಯೂಟರಿಗಿ ಇಳಸ್ತೀನಿ, ಸುಟ್ಟು ಕೊಡ್ತೀನಿ. ಹತ್ತು ನಿಮಿಷದ ಕೆಲಸ."

ನಮ್ಮ ಕಸುಬಿನಲ್ಲಿ ಸೀಡಿಗೆ ಏರಿಸುವುದಕ್ಕೆ ಸುಡುವುದು ಅಂತಲೇ ಅನ್ನುತ್ತಿದ್ದೆವು, ನಾಲಿಗೆಗೆ ರೂಢಿಯಾಗಿತ್ತು. ಮಾಸ್ತರರು ಕ್ಯಾಸೆಟ್ ಕಸಿದುಕೊಂಡು ಎದೆಗೆ ಅವುಚಿಕೊಂಡರು.

"ಒಮ್ಮಿ ಆಕಿನ್ನ ಸುಟ್ಟು ಬಂದೀನೋ. ದನೀನೂ ಸುಡ್ತಿ ಏನು?"

ಗಡಿಬಿಡಿಯಲ್ಲಿ, "ಅಲ್ಲ ಸರ್, ಕ್ಯಾಸೆಟ್ಟಿಗಿ ಏನೂ ಆಗಂಗಿಲ್ಲ. ಸುಡೂದಂದ್ರ ಬರಿಯೂದು. ಹೊಸ ಸೀಡಿ ಮ್ಯಾಲ ನಾನು ಬರೀತೀನಿ, ಅಷ್ಟೇ" ಅಂದೆ.

ಮಾಸ್ತರರ ಮುಖ ಸ್ವಲ್ಪ ಸಡಿಲಾಯಿತು. ಕ್ಯಾಸೆಟ್ ಕೊಡಲು ಕೈ ಚಾಚಿದವರು ನನ್ನ ತಲೆಯ ಮೇಲಿನ ಬೋರ್ಡ್ ನೋಡಿ ನಿಂತರು. ನಾನೇ ಬಣ್ಣದಲ್ಲಿ ಬರೆದದ್ದು: 'ಹಳೆ ಕ್ಯಾಸೆಟ್ ಸೀಡಿ ಮಾಡಿ ಕೋಡಲಾಗುವುದು.'

"ಇದು ಬರದಾವ ನೀನೇ ಏನು?"

"ಹೌದ್ರಿ ಸರ್."

"ಮೂರು ವರ್ಷ ಕಲಿಸೀನಿ. ಕೊಡೂದಕ್ಕ ಕೋಡು ಮೂಡ್ಸೀಯಲ್ಲೋ!" ಅಂದು ಕ್ಯಾಸೆಟ್ಟನ್ನು ಮೇಜಿನ ಮೇಲೆ ಇಟ್ಟರು. "ಬರಿಯೂದು ಬ್ಯಾಡ ತಮ್ಮಾ. ನೀನು ಸುಟ್ಟೇ ಕೊಡು."

ಐವತ್ತೆರಡರ ವೇಗ

ಸುರಪುರದ ಒಬ್ಬ ಗವಾಯಿಗಳು ತಮ್ಮ ಹಾಡಿನ ಸೀಡಿ ಮಾಡಿಸಿದರು. ಸಾಫ್ಟ್‌ವೇರ್ ಪರದೆಯ ಮೇಲೆ ವೇಗ ಐವತ್ತೆರಡು ಎಂದು ತೋರಿಸಿದ್ದನ್ನು ನೋಡಿಬಿಟ್ಟರು.

"ನಾನು ಹಾಡಿದ್ದು ವಿಲಂಬಿತ ಲಯ. ನಿಮ್ಮ ಮಷೀನು ಐವತ್ತೆರಡು ಪಟ್ಟು ಓಡ್ಸಾಕತ್ತದ. ಹಾಡು ಎಲ್ಲಿ ಉಳೀತದ?"

ಇದು ಏರಿಸುವ ವೇಗ, ಹಾಡುವ ವೇಗ ಅಲ್ಲ ಎಂದು ಹೇಳಿದೆ. ಕೇಳಲಿಲ್ಲ. ಸೀಡಿಯನ್ನು ಮೇಜಿನ ಮೇಲಿನ ಪ್ಲೇಯರಿನಲ್ಲಿ ಹಾಕಿ ತೋರಿಸಿದೆ. ತೊಡೆ ತಟ್ಟಿ ತಾಳ ಹಾಕಿ, "ನೋಡ್ರಿ, ದೌಡಾಸಾಕತ್ತದ. ಉಸಿರು ಬಿಡಾಕ ಜಾಗಾ ಇಲ್ಲ" ಅಂದರು. ಬೇರೆ ದಾರಿಯಿಲ್ಲದೆ ಅತಿ ಕಡಿಮೆ ವೇಗದಲ್ಲಿ ಇನ್ನೊಂದು ಮಾಡಿದೆ. ಅದು ಮುಗಿಯುವ ತನಕ ಎರಡು ಚಹಾ ಆದವು. ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಸಮಕ್ಕೆ ಸರಿಯಾಗಿ ತಲೆ ಬಿತ್ತು.

"ಈಗ ಕೂತದ ನೋಡ್ರಿ ಲಯ! ನಿಮಗ ಫರಕ್ ತಿಳೀಲಿಲ್ಲೇನು? ನಿಮ್ಮ ಕಿವಿ ಇನ್ನೂ ಹಣ್ಣಾಗಬೇಕು."

ಆ ಸೀಡಿ ತೆಗೆದುಕೊಂಡು ಸಂತೋಷದಿಂದ ಸುರಪುರದ ಬಸ್ ಹತ್ತಿದರು. ಅವರು ಹೋದ ಮೇಲೆ ನೋಡಿದರೆ ಎರಡನೆಯ ಸೀಡಿ ಇನ್ನೂ ಕಂಪ್ಯೂಟರ್ ಒಳಗೇ ಬೆಚ್ಚಗೆ ಕೂತಿತ್ತು. ನಾನು ಎರಡನೇ ಸಲ ಹಾಕಿದ್ದೂ ಮೊದಲನೆಯದನ್ನೇ.

ಟಗರು

ಕುರಿ ಕಾಯುವ ಒಬ್ಬಾತ, ವಯಸ್ಸು ನಲವತ್ತರ ಮೇಲೆ, ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಂದ. ಎರಡು ವರ್ಷದ ಹಿಂದೆ ಮನೆಯಲ್ಲಿ ತುಂಬಿದ ಕ್ಯಾಸೆಟ್. ಅವನ ತಾಯಿ ಬೀಸುವ ಕಲ್ಲಿನ ಪದ ಹಾಡಿದ್ದಳು. "ಇದು ಹಾಳಾಗೂದರಾಗ ಸೀಡಿ ಮಾಡ್ರಿ" ಅಂದ. ಅವನ ಮಾತು ಅಷ್ಟೇ.

ಮುದುಕಿಯ ದನಿ ಅಪ್ಪಟ ಜವಾರಿ. ಆದರೆ ಹಿಂದೆ ಬೀಸುವ ಕಲ್ಲಿನ ಗರಗರ, ಮೇಲೆ ಒಂದು ಟಗರು ನಿಮಿಷಕ್ಕೊಮ್ಮೆ ಒದರುವುದು. ನನ್ನ ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯುವ ಸೌಲಭ್ಯ ಇತ್ತು. ಒಂದು ಇಡೀ ಮಧ್ಯಾಹ್ನ ಕೂತು ಕಲ್ಲಿನ ಸದ್ದು ತೆಗೆದೆ. ಟಗರನ್ನು ಒಂದೊಂದೇ ಕೂಗು ಹುಡುಕಿ ಕತ್ತರಿಸಿದೆ. ಹತ್ತೊಂಬತ್ತು ಕೂಗು. ಕೊನೆಗೆ ಮುದುಕಿ ಯಾವುದೋ ಸ್ಟುಡಿಯೋದಲ್ಲಿ ಕೂತು ಹಾಡಿದಂತಾಯಿತು. ನನ್ನ ಜೀವಮಾನದ ಕೆಲಸ ಅನ್ನಿಸಿತು.

ಅವನು ಬಂದ. ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ಕಾದ. ಪದ ಮುಗಿಯಿತು. ಇನ್ನೊಮ್ಮೆ ಹಚ್ಚು ಅಂದ. ಹಚ್ಚಿದೆ. ಅವನ ಮುಖ ಸಣ್ಣದಾಯಿತು.

"ಎಲ್ಲಿ ಅದಾನ್ರೀ ಅಂವ?"

"ಯಾರು?"

"ನಮ್ಮ ಟಗರು."

ತೆಗೆದುಬಿಟ್ಟೆ, ಹಾಡು ಸ್ವಚ್ಛ ಆಯಿತು ಎಂದೆ. ಅವನು ಹೆಡ್‌ಫೋನ್ ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ಅಂವ ಸತ್ತು ಒಂದೂವರಿ ವರ್ಷ ಆತ್ರಿ. ಹೊಲದಾಗ ಹಾವು ಕಡೀತು. ನಮ್ಮವ್ವ ಮನ್ಯಾಗ ಅದಾಳ. ದಿನಾ ಹಾಡ್ತಾಳ, ಬ್ಯಾಡಂದ್ರೂ ಹಾಡ್ತಾಳ. ಟಗರು ಎಲ್ಲಿಂದ ತರ್ಲಿ?"

ಕ್ಯಾಸೆಟ್ ಮತ್ತೆ ಹಾಕಿ ಮೊದಲಿನಿಂದ ಇಳಿಸಿದೆ. ಈ ಸಲ ಹತ್ತೊಂಬತ್ತೂ ಕೂಗನ್ನು ಎತ್ತರಿಸಿ, ತಾಯಿಯ ದನಿಯನ್ನು ತಗ್ಗಿಸಿ ಕೊಟ್ಟೆ. ಮೊದಲ ಕೂಗಿಗೇ ಅವನು ಕಂಬಳಿಯ ಅಂಚಿನಿಂದ ಕಣ್ಣು ಒರೆಸಿಕೊಂಡ. ಹೋಗುವಾಗ ಬಾಗಿಲಲ್ಲಿ ನಿಂತು ಹಿಂದೆ ತಿರುಗಿದ.

"ಭಾಳ ಚಲೋ ಆತ್ರಿ. ನಮ್ಮವ್ವಗ ಮಾತ್ರ ಇದನ್ನ ಕೇಳಸಂಗಿಲ್ಲ."

ಕಡೆಯ ಮಾತು

ಕಾಲುವೆ ನೋಡಿಕೊಳ್ಳುವ ಆಫೀಸಿನ ಒಬ್ಬ ಕ್ಲಾರ್ಕ್ ಒಂದು ಚೀಟಿ ಹಿಡಿದು ಬಂದರು. ಅದನ್ನು ಅವರು ಓದಬೇಕು, ನಾನು ಸೀಡಿ ಮಾಡಬೇಕು. ಆಟೋದ ಮೇಲೆ ಲೌಡ್ ಸ್ಪೀಕರ್ ಕಟ್ಟಿ ಊರೂರು ತಿರುಗಿ ಅದನ್ನು ಹಚ್ಚುತ್ತಾರೆ. ಭತ್ತದ ಸಸಿ ನಾಟಿಗೆ ಬಂದಿತ್ತು. ಆದರೆ ನೀರು ಬಿಡುವುದು ಒಂದು ವಾರ ತಡ ಇತ್ತು, ಬರುವ ಸೋಮವಾರ ಯಾರೂ ನೀರು ಕೇಳಿ ಬರಬೇಡಿ ಎಂದು ತಿಳಿಸುವುದಿತ್ತು.

ಕ್ಲಾರ್ಕ್ ಸಾಹೇಬರು ಹಿಂದೆ ನಾಟಕದಲ್ಲಿ ಪಾರ್ಟು ಮಾಡಿದವರು. ಮೈಕ್ ಮುಂದೆ ಎದೆ ಸೆಟೆಸಿ ನಿಂತು ಓದಿದರು: "ರೈತ ಬಾಂಧವರೇ! ಬರುವ ಸೋಮವಾರ ನಿಮ್ಮ ಕಾಲುವೆಗೆ ನೀರು ಬಿಡುವುದು..." ಇಲ್ಲಿ ಒಂದು ಉಸಿರು ತೆಗೆದುಕೊಂಡರು. ಕೈ ಮೇಲೆತ್ತಿದರು. ಆಮೇಲೆ ದನಿ ಪಾತಾಳಕ್ಕೆ ಇಳಿಸಿ, "...ಇಲ್ಲ" ಅಂದರು.

ಅವರು ಹೋದ ಮೇಲೆ ಸಾಫ್ಟ್‌ವೇರಿನಲ್ಲಿ 'ಖಾಲಿ ಜಾಗ ತೆಗೆ' ಎಂಬುದನ್ನು ಒತ್ತಿದೆ. ಸದ್ದಿಲ್ಲದ ಜಾಗವನ್ನೆಲ್ಲ ಅದು ತಾನೇ ಕತ್ತರಿಸುತ್ತದೆ. ಕರೆಂಟ್ ಹೋಗುವ ಹೊತ್ತಾಗಿತ್ತು. ಪೂರ್ತಿ ಕೇಳಲಿಲ್ಲ. ಮೆಲ್ಲಗೆ ಅಂದ ಆ 'ಇಲ್ಲ' ಕೂಡ ಸಾಫ್ಟ್‌ವೇರಿಗೆ ಖಾಲಿ ಜಾಗವಾಗಿಯೇ ಕಂಡಿತ್ತು ಎಂಬುದು ನನಗೆ ಸೋಮವಾರ ಗೊತ್ತಾಯಿತು.

ಸೋಮವಾರ ಮುಂಜಾನೆ ಮೂರು ಊರಿನ ಜನ ಸಲಿಕೆ ಹಿಡಿದು ಕಾಲುವೆಯ ಗೇಟಿನ ಹತ್ತಿರ ಕೂತಿದ್ದರು. ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದಿದ್ದರು. ಕಾಲುವೆ ಆಫೀಸಿನ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು, ಹಿಂದೆ ಕ್ಲಾರ್ಕ್. ಸೀಡಿಯ ಮೇಲೆ ನನ್ನ ಅಂಗಡಿಯ ಚೀಟಿ ಇತ್ತಾದ್ದರಿಂದ ದಾರಿಯಲ್ಲಿ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡಿದ್ದರು.

"ನೀರು ಬಿಡಂಗಿಲ್ಲ ಅಂತ ಹೇಳೀವಲ್ಲ!" ಅಂದರು ದೊಡ್ಡ ಸಾಹೇಬರು.

"ನಿಮ್ಮ ಆಟೋನೇ ಒದರ್ಯಾದ್ರಿ, ಬಿಡುವುದು ಅಂತ" ಅಂದ ಒಬ್ಬ ಹಿರಿಯ. "ಬೇಕಾದ್ರ ಹಚ್ಚಿ ಕೇಳ್ರಿ."

ಆಟೋ ತರಿಸಿದರು. ಹಚ್ಚಿದರು. "ನೀರು ಬಿಡುವುದು." ಸೀಡಿ ನಿಂತಿತು.

"ನಾ ಇಲ್ಲ ಅಂದೀನ್ರಿ ಸರ್!" ಅಂದರು ಕ್ಲಾರ್ಕ್, ಬೆವರು ಒರೆಸಿಕೊಳ್ಳುತ್ತ.

"ಎಲ್ಲಿ ಅಂದೀರಿ? ಇನ್ನೊಮ್ಮಿ ಹಚ್ರಿ" ಅಂದರು ಜನ. ಇನ್ನೊಮ್ಮೆ ಹಚ್ಚಿದರು. ಮೂರನೇ ಸಲ ಹಚ್ಚುವಾಗ ಜನರೇ ಸೀಡಿಯ ಜೊತೆ ದನಿಗೂಡಿಸಿ "ಬಿಡುವುದು!" ಅಂದರು. ನಾನು ಜೀಪಿನ ಹಿಂದಿನ ಸೀಟಿನಲ್ಲಿ ಎಷ್ಟು ಸಣ್ಣಗಾಗಬಹುದೋ ಅಷ್ಟು ಸಣ್ಣಗಾಗಿ ಕೂತಿದ್ದೆ. ಅಂಗಡಿ ಮುಚ್ಚಿ ಬೇರೆ ಏನು ಮಾಡಬೇಕು ಎಂಬ ವಿಚಾರವೂ ಶುರುವಾಗಿತ್ತು.

ದೊಡ್ಡ ಸಾಹೇಬರು ಜನರನ್ನು ನೋಡಿದರು, ಸಲಿಕೆಗಳನ್ನು ನೋಡಿದರು, ಬುತ್ತಿ ಗಂಟುಗಳನ್ನು ನೋಡಿದರು. ಇವರು ಎದ್ದು ಹೋಗುವವರಲ್ಲ ಎಂದು ತಿಳಿಯಿತು. ದೂರ ಹೋಗಿ ಫೋನಿನಲ್ಲಿ ಯಾರ ಜೊತೆಗೋ ಬಹಳ ಹೊತ್ತು ಮಾತಾಡಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಗೇಟು ಎತ್ತಿದರು. ನೀರು ಒಂದು ವಾರ ಮುಂಚೆ ಬಂತು. ನನಗೆ ಯಾರೂ ಏನೂ ಅನ್ನಲಿಲ್ಲ. ಅನ್ನುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಎಲ್ಲರೂ ಗದ್ದೆಗೆ ಓಡಿದ್ದರು.

ಎರಡು ದಿನ ಬಿಟ್ಟು ಒಂದು ಟ್ರ್ಯಾಕ್ಟರ್ ನನ್ನ ಅಂಗಡಿಯ ಮುಂದೆ ನಿಂತಿತು. ಬೇರೊಂದು ಊರಿನ ಐದು ಜನ ಹಿರಿಯರು ಇಳಿದರು. ರುಮಾಲು ಸರಿಮಾಡಿಕೊಂಡು, ಬೆಂಚಿನ ಮೇಲೆ ಸಾಲಾಗಿ ಕೂತರು. ಚಹಾ ಬೇಡ ಅಂದರು. ಹೊರಗೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೋ ಎಂದು ಒಮ್ಮೆ ನೋಡಿ, ಎಲ್ಲರಿಗಿಂತ ಹಿರಿಯರು ಮುಂದೆ ಬಗ್ಗಿದರು.

"ನಮ್ಮೂರಿಗಿ ಇನ್ನೂ ಬಸ್ ಬಂದಿಲ್ರೀ. ಆರು ವರ್ಷದಿಂದ ಅರ್ಜಿ ಕೊಟ್ಟು ಸಾಕಾಗ್ಯಾದ. ಸೋಮವಾರದಿಂದ ಮುಂಜಾನಿ ಎಂಟಕ್ಕ ಬಸ್ ಬಿಡುವುದು ಅಂತ ಒಂದು ಸೀಡಿ ಮಾಡಿ ಕೊಡ್ರಿ. ದನಿ ಆ ಕ್ಲಾರ್ಕ್ ಸಾಹೇಬ್ರದೇ ಇರ್ಲಿ."