ಲಾಭ, ಎರಡು, ಮೂರು

ನಾಲ್ಕು ಮಂದಿ ವಯಸ್ಸಾದವರನ್ನು ಒಂದೆಡೆ ನಿಲ್ಲಿಸಿ ಕೈ ಮೇಲೆತ್ತಿ ಎಂದು ಹೇಳಿ ನೋಡಿ, ದಿನಕ್ಕೊಂದು ಮಜಾ ತಾನಾಗಿಯೇ ನಡೆಯುತ್ತದೆ. ನಾನು ಸಾಲಿಯಲ್ಲಿ ಆಟದ ಟೀಚರಾಗಿದ್ದವಳು, ಊರಿನವರಿಗೆಲ್ಲ 'ಬಾಯಾರು'. ನಿವೃತ್ತಿಯಾದ ಮೇಲೆ ಮನೆಯಲ್ಲಿ ಒಬ್ಬಳೇ ಕೂತು ತಲೆ ಕೆಟ್ಟು, ಊರಿನ ಹಿರಿಯರಿಗೆ ಮುಂಜಾನೆ ವ್ಯಾಯಾಮ ಮಾಡಿಸಲು ಸೀಟಿ ಹಿಡಿದು ಗುಡಗೇರಿಯ ಸಂತೆ ಬಯಲಿಗೆ ಬಂದುಬಿಟ್ಟೆ.

ಸೆರಗು

ಮೊದಲ ದಿನ "ಎರಡೂ ಕೈ ಮ್ಯಾಲೆ" ಎಂದೆ. ಹೆಂಗಸರೆಲ್ಲ ಒಂದೇ ಕೈ ಎತ್ತಿದರು. ಇನ್ನೊಂದು ಕೈ ತಲೆಯ ಮೇಲಿನ ಸೆರಗು ಹಿಡಿದಿತ್ತು.

ಒಬ್ಬಾಕೆ ಪಿಸುಗುಟ್ಟಿದಳು, "ನಮ್ಮ ಭಾವ ಅದಾರ್ರಿ, ಅವರ ಎದುರಿಗೆ ಸೆರಗು ಜಾರಬಾರದು. ಅವರನ್ನ ಮುಂದ ನಿಲ್ಲಸ್ರಿ, ಆಮ್ಯಾಲೆ ಎಷ್ಟ ಬೇಕಾದ್ರೂ ಎತ್ತತೀವಿ."

ಭಾವನನ್ನು ಎಲ್ಲರ ಮುಂದೆ ನಿಲ್ಲಿಸಿದೆ. ಹಿಂದೆ ಕೈಗಳೆಲ್ಲ ಮೇಲೆ ಹೋದವು. ಭಾವನಿಗೆ ತಾವು ಮಾಡುತ್ತಿರುವುದು ಸರಿಯೋ ಇಲ್ಲವೋ ಎಂಬ ಅನುಮಾನ. ಉಳಿದವರನ್ನು ನೋಡಲು ಹಿಂದೆ ಹೊರಳಿದರು. ಕೈಗಳೆಲ್ಲ ದಬದಬ ಕೆಳಗೆ.

"ಬಾಯಾರ, ಯಾರೂ ಕೈ ಎತ್ತವಲ್ರು. ನನಗಷ್ಟ ಯಾಕ ಈ ಶಿಕ್ಷಾ?" ಎಂದರು.

ಗೋಡೆಯಾಚೆ

ಬಯಲಿಗೆ ಹತ್ತಿದ ಮನೆಯಲ್ಲಿ ಒಬ್ಬ ಕಾಕಾ. ಕಾಳಿನ ವ್ಯಾಪಾರ ಮಾಡಿದವರು. ಹೆಂಡತಿ, ನಮ್ಮ ಕಾಕೂ, ತೀರಿಕೊಂಡ ಮೇಲೆ ಬಾಗಿಲು ಹಾಕಿಕೊಂಡು ಕೂತುಬಿಟ್ಟಿದ್ದರು. ಏನು ಕೇಳಿದರೂ "ಹೂಂ". ಈ ಮನುಷ್ಯ ಹೀಗೇ ಒಳಗೊಳಗೇ ಮುಗಿದುಹೋಗುತ್ತಾರೆ ಎಂದು ನನಗೆ ನಿಜಕ್ಕೂ ಹೆದರಿಕೆ. ಎಷ್ಟು ಕರೆದರೂ ಬರಲಿಲ್ಲ.

ಒಂದು ಮುಂಜಾನೆ ನಾನು "ಒಂದು, ಎರಡು" ಎಂದು ಎಣಿಸುತ್ತಿದ್ದಾಗ ಗೋಡೆಯ ಮೇಲೆ ಅವರ ತಲೆ ಕಾಣಿಸಿತು.

"ಒಂದು ಅಂತ ಯಾರರ ಅಂತಾರೇನ್ರಿ? ಲಾಭ ಅನ್ರಿ."

ನಮ್ಮಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ.

"ಕಾಕಾ, ನಾವು ಕಾಳು ಅಳ್ಯಾಕತ್ತಿಲ್ರಿ, ಮೊಣಕಾಲು ಎತ್ತಾಕತ್ತೀವಿ."

"ಏನರ ಎತ್ರಿ. ಮೊದಲನೇದು ಲಾಭ."

ಮರುದಿನದಿಂದ ಎಣಿಸುವ ಕೆಲಸ ಅವರದೇ. ನನಗೋ ಕುಣಿಯುವಷ್ಟು ಖುಷಿ. ತೊಡಕು ಒಂದೇ, ನಾವು ಎರಡನೇ ಮೊಣಕಾಲು ಎತ್ತುವುದರೊಳಗೆ ಕಾಕಾ ಒಂದು ಚೀಲ ಅಳೆದು ಮುಗಿಸಿರುತ್ತಿದ್ದರು.

ಬ್ರೆಡ್ಡು, ಬಾಳೆಹಣ್ಣು

ಒಮ್ಮೆ ಕಾಕಾ ಬರಲಿಲ್ಲ, ಹುಷಾರಿಲ್ಲವೇನೋ ಎಂದುಕೊಂಡೆವು. ಆರಾಮ ತಪ್ಪಿದವರನ್ನು ಮಾತಾಡಿಸಿಕೊಂಡು ಬರದಿದ್ದರೆ ನಮ್ಮ ಕಡೆ ಅದು ಜೀವಮಾನದ ಮುನಿಸು. ಬ್ರೆಡ್ಡು, ಬಾಳೆಹಣ್ಣು ಹಿಡಿದು ಇಡೀ ತಂಡ ಹೋಯಿತು.

ಕಾಕಾಗೆ ಬರೀ ನಿದ್ದೆ ಹೆಚ್ಚಾಗಿತ್ತು. ಬಾಗಿಲು ತೆಗೆದು ಅಷ್ಟು ಮಂದಿಯನ್ನು ನೋಡಿದರು, ಆಮೇಲೆ ಮೆಲ್ಲಗೆ ಕೆಮ್ಮಿದರು.

"ಬರ್ರಿ, ಒಳಗ ಬರ್ರಿ. ಹಂಗ ನೋಡಿದ್ರ ಒಂಚೂರು ಜ್ವರಾ ಇತ್ತು."

ಮುಂದಿನ ವಾರ ಮತ್ತೆ ಜ್ವರ ಬಂತು. ಹೋಗಿ ನೋಡಿದರೆ ಜಮಖಾನೆ ಹಾಸಿ, ಚಹಾದ ಕಪ್ಪು ಬಸಿ ತೊಳೆದಿಟ್ಟು ಕೂತಿದ್ದರು.

ಎಲ್ಲರಿಗೂ ಆರಾಮಿಲ್ಲ

ಈ ಉಪಾಯ ಉಳಿದವರಿಗೆ ತಿಳಿಯದೇ ಇರುತ್ತದೆಯೇ? ಒಂದು ಮುಂಜಾನೆ ಬಯಲಿಗೆ ಬಂದರೆ ನಾನು, ನನ್ನ ಸೀಟಿ, ಒಂದು ಎಮ್ಮೆ. ಕಟ್ಟಿದ್ದೆಲ್ಲ ಮುರಿಯಿತು ಎಂದು ಅಳುವೇ ಬಂತು.

ಗೋಡೆಯ ಮೇಲಿಂದ ನನ್ನನ್ನು ನೋಡಿದ ಕಾಕಾ ಬಾಳೆಹಣ್ಣಿನ ಚೀಲ ಹಿಡಿದು ಹೊರಗೆ ಬಂದರು.

"ಎಲ್ಲಾರಿಗೂ ಒಮ್ಮೆಲೇ ಆರಾಮ ತಪ್ಪೇತೇನು? ಇವತ್ತ ನನಗೂ ಜ್ವರಾ ಇತ್ತು. ಇರಲಿ, ನಾಳೆ ಬರ್ತೇತಿ. ನಡೀರಿ, ಮಾತಾಡ್ಸಿಕೊಂಡು ಬರೂಣು."

ಯಾವ ಮನೆಗೆ ಹೋದರೂ ಅಂಗಳ ಗುಡಿಸಿದೆ, ಒಲೆಯ ಮೇಲೆ ಚಹಾ ಇದೆ. ಭಾವನಂತೂ ಸಿಟ್ಟಾಗಿದ್ದರು. "ಎಷ್ಟೊತ್ತಿಂದ ದಾರಿ ನೋಡಾಕತ್ತೀನಿ, ಒಬ್ಬರೂ ಬರವಲ್ರು."

ಮಾತಾಡಿಸಿಕೊಂಡವರೆಲ್ಲ ಚಪ್ಪಲಿ ಮೆಟ್ಟಿ ನಮ್ಮ ಹಿಂದೆಯೇ ಹೊರಟರು. ಊರು ಸುತ್ತಿ ಬಯಲಿಗೆ ಮರಳುವಾಗ ಇಡೀ ತಂಡವಿತ್ತು, ಎಲ್ಲರಿಗೂ ಬೆವರು.

ಕಾಕಾ ತೀರ್ಪು ಕೊಟ್ಟರು, "ಇನ್ನ ಮ್ಯಾಲೆ ಪಾಳೇ ಪ್ರಕಾರ ಆರಾಮ ತಪ್ಪಬೇಕು." ಬೆರಳು ನನ್ನ ಕಡೆಗೆ ತಿರುಗಿತು. "ಬಾಯಾರದು ಲಾಭ. ನಂದು ಎರಡು."

"ನನಗೇನೂ ಆಗಿಲ್ರಿ, ಕಾಕಾ."

"ನಿಮ್ಮ ಮನಿಗೂ ಯಾರೂ ಬರೂದಿಲ್ಲಲ್ಲ. ನಾಳೆ ಚಹಾ ಇಟ್ಟಿರ್ರಿ."

ಮರುದಿನ ಮುಂಜಾನೆ ನನಗೆ ಎಂದೂ ಇಲ್ಲದಷ್ಟು ಆರಾಮವಿತ್ತು. ಹೆಚ್ಚಿಗೆ ಹಾಲು ತಂದಿಟ್ಟು, ಅಂಗಳ ಗುಡಿಸಿ, ಕೌದಿ ಹೊದ್ದು ಮಲಗಿಕೊಂಡೆ.