ಎರಡು ಮೊಳ ಪೈಪು

ಕ್ಯಾನಿನಿಂದ ಬಾಟಲಿಗೆ ಎಥೆನಾಲ್ ಇಳಿಸಲು ಮಾಂತು ಕೈಪಂಪು ಹುಡುಕಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ನಿಗಡಿಯ ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ಬಾಯಿಂದಲೇ ಪೆಟ್ರೋಲ್ ಎಳೆದ ಮನುಷ್ಯನಿಗೆ ಪಂಪು ಯಾಕೆ? ಎರಡು ಮೊಳ ಪೈಪಿನ ಒಂದು ತುದಿ ಕ್ಯಾನಿಗೆ, ಇನ್ನೊಂದು ಬಾಯಿಗೆ. ಒಂದು ಎಳೆತ, ತುಟಿಗೆ ಬರುವ ಮೊದಲೇ ಹೆಬ್ಬೆರಳು ಅಡ್ಡ. ಈ ವಿದ್ಯೆಯಲ್ಲಿ ಅವನು ಒಮ್ಮೆಯೂ ತಪ್ಪಿದವನಲ್ಲ.

ಇವತ್ತೇ ತಪ್ಪಬೇಕಿತ್ತೆ! ವಾಕಡದ ಹೋಟೆಲ್ ಮಾಲೀಕ ದೇವದಾಸ್ ಶೆಟ್ಟರು ಮಗ ನಿತಿನನ ರೇಸಿನ ಪುಟ್ಟ ಗಾಡಿ ಕಾರ್ಟಿನ ಎಂಜಿನ್ನನ್ನು ಎಥೆನಾಲಿಗೆ ಒಗ್ಗಿಸಿಕೊಡು ಎಂದು ಮಾಂತುವಿಗೆ ಒಪ್ಪಿಸಿ ತಿಂಗಳಾಗಿತ್ತು. ಎಥೆನಾಲ್ ಹಾಕಿದರೆ ಎಂಜಿನ್ ಹೊಟ್ಟೆಬಾಕ. ಪೆಟ್ರೋಲಿಗಿಂತ ಒಂದೂವರೆ ಪಟ್ಟು ಬೇಕು. ಮಾಂತು ಕಾರ್ಬ್ಯುರೇಟರಿನ ತೂತು ದೊಡ್ಡದು ಮಾಡಿದ, ಉಬ್ಬಿಹೋಗುವ ರಬ್ಬರುಗಳನ್ನೆಲ್ಲ ಬದಲಿಸಿದ. ಇಂದು ಹನ್ನೊಂದಕ್ಕೆ ಎಂಜಿನ್ ಓಡಿದರೆ ಹೋಟೆಲಿನ ಹಿಂದಿನ ಖಾಲಿ ಶೆಡ್ಡು ಅವನಿಗೆ. ಸ್ವಂತ ಗ್ಯಾರೇಜು! ಶೆಟ್ಟರ ಕರಾರು ಒಂದೇ, ಕುಡಿಯುವವನಿಗೆ ಶೆಡ್ಡಿಲ್ಲ. ಮಾಂತುವಿಗೇನು ಭಯ? ಕೊರಳಿಗೆ ವಿಠಲನ ತುಳಸಿಮಾಲೆ ಬಿದ್ದು ಮೂರು ವರ್ಷ, ಅಂದಿನಿಂದ ತೊಟ್ಟು ಮುಟ್ಟಿಲ್ಲ.

ಮನೆಯಂಗಳದಲ್ಲಿ ಪೈಪು ಬಾಯಲ್ಲಿದ್ದಾಗಲೇ ಪಕ್ಕದ ಮನೆಯ ದತ್ತು ಬಂದು ಬೆನ್ನಿಗೊಂದು ಗುದ್ದಿದ.

“ಏನ್ ಮಾಂತಣ್ಣಾ, ಕೆಲಸ ಜೋರ್ ನಡದದ?”

ಗುಟುಕ್! ಮಾಂತು ಉಗುಳಿದ, ಕೆಮ್ಮಿದ, ನೀರು ಮುಕ್ಕಳಿಸಿದ. ಎಥೆನಾಲ್ ಅಂದರೆ ಅಪ್ಪಟ ಮದ್ಯಸಾರ, ಏನು ಮಾಡಿದರೂ ಬಾಯಿ ಸಾರಾಯಿ ಅಂಗಡಿಯಂತೆ ನಾರುತ್ತಿತ್ತು.

“ಈ ವಾಸನಿ ಹೊತ್ಕೊಂಡು ಶೆಟ್ರ ಮುಂದ ನಿಂದ್ರತೀ?” ದತ್ತು ಗಾಬರಿಯಾದ. “ಉಳ್ಳಾಗಡ್ಡಿ ತಿನ್ನು. ನಮ್ಮ ಕಾಕಾ ಇಪ್ಪತ್ತು ವರ್ಷ ಹಂಗೇ ಪಾರಾಗ್ಯಾನ.”

ಎದುರುಮನೆಯ ತಾಯಮ್ಮ ಮೂಗು ಮುಚ್ಚಿಕೊಂಡೇ ಲವಂಗ ತಂದಳು. “ಮಾಲಿ ಹಾಕ್ಕೊಂಡು ಇಂಥಾದ್ದು ಮಾಡ್ತಾರೇನೋ ತಮ್ಮಾ! ಇರ್ಲಿ, ನಾ ಯಾರಿಗೂ ಹೇಳಂಗಿಲ್ಲ” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು.

“ನಾ ಕುಡದಿಲ್ಲ ಯವ್ವಾ!”

“ಕುಡದವ್ರೆಲ್ಲಾ ಹಂಗೇ ಅಂತಾರ. ಮೊದ್ಲು ಇದನ್ನ ಅಗಿ.”

ಈರುಳ್ಳಿ, ಲವಂಗ ಎರಡನ್ನೂ ಅಗಿದಷ್ಟು ಅಗಿದು, ಉಳಿದದ್ದನ್ನು ಕಿಸೆಗೆ ತುರುಕಿ ಮಾಂತು ವಾಕಡ ಸೇರಿದ. ತುಟಿ ಬಿಚ್ಚದೆ ಎಂಜಿನ್ ಕೂರಿಸಿದ, ಎಲ್ಲದಕ್ಕೂ ತಲೆಯಾಡಿಸಿದ. ಹಗ್ಗ ಎಳೆದದ್ದೇ ತಡ, ಎಂಜಿನ್ ಗರ್ಜಿಸಿತು. ನಿತಿನ ಕಾರ್ಟು ಹತ್ತಿ ಹಿಂದಿನ ಖಾಲಿ ಮೈದಾನದಲ್ಲಿ ಮಾಯವಾದ. ಖುಷಿ ತಡೆಯಲಾರದೆ ಶೆಟ್ಟರು ಮಾಂತುವನ್ನು ತಬ್ಬಿಕೊಂಡರು. ತಬ್ಬಿದವರು ಹಾಗೇ ಹಿಂದೆ ಸರಿದರು.

“ಎಂತದು ಮಾರಾಯಾ! ಬೆಳಿಗ್ಗೆಯೇ ಹಾಕಿ ಬಂದದ್ದಾ?”

“ಇಲ್ರಿ ಶೆಟ್ರ! ಪೈಪ್ ಹಚ್ಚಿ ಎಳಿಯೂ ಮುಂದ ಬಾಯಾಗ ಹೋತ್ರಿ. ವಿಠ್ಠಲನ ಆಣಿ!”

“ಮತ್ತೆ ನೀರುಳ್ಳಿ, ಲವಂಗ ಯಾಕೆ? ಮೂವತ್ತು ವರ್ಷದಿಂದ ಹೋಟೆಲ್ ನಡೆಸುವವ ನಾನು. ಇದೆಲ್ಲ ನನಗೆ ಗೊತ್ತಿಲ್ವಾ?”

ಮಾಂತುವಿಗೆ ಅಳುವುದೊಂದು ಬಾಕಿ. ಚೀಲದಿಂದ ಬಾಟಲಿ, ಪೈಪು ತೆಗೆದು ಮುಂದಿಟ್ಟ. “ನೀವೇ ಒಮ್ಮಿ ಎಳದ್ ನೋಡ್ರಿ, ಬಾಯಿಗಿ ಬರ್ತದೋ ಇಲ್ಲೋ.”

ಶೆಟ್ಟರು ನ್ಯಾಯವಂತರು. “ಕೊಡು, ನೋಡುವ” ಎಂದು ಪೈಪು ಕಚ್ಚಿ, ಬಿಸಿ ಚಹಾ ಹೀರುವವರ ಹಾಗೆ ಜೋರಾಗಿ ಎಳೆದರು. ಗುಟುಕ್! ಕಣ್ಣು ಕೆಂಪಾಯಿತು, ಅಂಗಿ ತೊಯ್ದಿತು.

“ಸತ್ಯ ಮಾರಾಯಾ, ನೂರಕ್ಕೆ ನೂರು ಸತ್ಯ!” ಕೆಮ್ಮುತ್ತಲೇ ಮಾಂತುವಿನ ಹೆಗಲಿಗೆ ಕೈಹಾಕಿ ಒಳಗೆ ಕೂಗಿದರು. “ಪ್ರೇಮಾ, ಆ ಶೆಡ್ಡಿನ ಬೀಗದ ಕೈ ತಾ!”

ಮಾಂತುವಿನ ಕಣ್ಣು ತುಂಬಿ ಬಂತು. ಹನ್ನೆರಡು ವರ್ಷದ ಆಸೆ ಕಡೆಗೂ ಕೈಗೆ ಬರುವುದರಲ್ಲಿತ್ತು.

ಬೀಗದ ಕೈ ಹಿಡಿದು ಬಂದ ಹೆಂಡತಿ ಪ್ರೇಮಾವತಿ ಬಾಗಿಲಲ್ಲೇ ನಿಂತರು. ಗಂಡನ ಕೆಂಗಣ್ಣು ನೋಡಿದರು, ಒದ್ದೆ ಅಂಗಿ ನೋಡಿದರು, ಇಬ್ಬರ ನಡುವಿನ ಬಾಟಲಿ ನೋಡಿದರು. ಆಮೇಲೆ ಗಾಳಿ ಅತ್ತ ಬೀಸಿತು.

“ಐದು ವರ್ಷದ ಹಿಂದೆ ದೇವರೆದುರು ದೀಪ ಮುಟ್ಟಿ ಕುಡಿತ ಬಿಟ್ಟವರು ನೀವೇ ಅಲ್ವಾ?”

“ಇದು ಹಾಗಲ್ಲ ಪ್ರೇಮಾ, ಪೈಪಿನಲ್ಲಿ...”

“ಗ್ಲಾಸು ಸಾಲದೆ ಈಗ ಪೈಪಿನಲ್ಲಿ ಬೇರೆಯಾ?” ಅವರು ಮಾಂತುವಿನ ಕಡೆ ತಿರುಗಿದರು. “ಶೆಡ್ಡು ಇರುವುದು ನನ್ನ ಹೆಸರಲ್ಲಿ. ನನ್ನ ಗಂಡನಿಗೆ ಪುನಃ ಕುಡಿಸಿದವನಿಗೆ ಅದು ಸಿಗುವುದಿಲ್ಲ.”

ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ರೇಮಾವತಿ ಒಳಗೆ ಹೋದರು. ಮೈದಾನದಲ್ಲಿ ಎಂಜಿನ್ ಇನ್ನೂ ಭರ್ಜರಿಯಾಗಿ ಓಡುತ್ತಲೇ ಇತ್ತು. ಶೆಟ್ಟರು ಮಾಂತುವಿನ ಕಿವಿಯ ಬಳಿ ಬಗ್ಗಿ ಮೆಲ್ಲಗೆ ಕೇಳಿದರು:

“ಆ ನೀರುಳ್ಳಿ ಇನ್ನೂ ಉಂಟಾ ಮಾರಾಯಾ?”