ಚಕೋರ ಛಾಪಿನ ಕೈಬ್ಯಾಟರಿ

ಉಳವಪ್ಪ ಆ ದಿನ ಮಾಡಿದ ತಪ್ಪು ಒಂದೇ. ದೊಡವಾಡದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಆರು ಮಂದಿಗೆ ಕೇಳುವ ಹಾಗೆ, "ಪುಕ್ಕಟ ಕೊಡತೇನ್ರಿ" ಅಂದುಬಿಟ್ಟ.

ಅಂದಿದ್ದು ಕೈಬ್ಯಾಟರಿಯ, ಅಂದರೆ ಟಾರ್ಚಿನ ಬಗ್ಗೆ. ಬೈಲಹೊಂಗಲದ ಈ ಉಳವಪ್ಪ ಚಕೋರ ಛಾಪಿನ ಬ್ಯಾಟರಿಗೆ ಏಜೆಂಟನಾಗಿ ನಾಲ್ಕು ತಿಂಗಳಾಗಿತ್ತು. ಈವರೆಗೆ ಅವನಿಂದ ಬ್ಯಾಟರಿ ಕೊಂಡವಳು ಅವನ ಅವ್ವ ಒಬ್ಬಳೇ. ಹದಿನೈದು ದಿನದ ಹಿಂದೆ ದೊಡವಾಡದ ಮಲಕಾಜಪ್ಪನ ಮಗಳು ಗುರವ್ವನನ್ನು ನೋಡಲು ಬಂದಿದ್ದ. ಚಹಾ ಇಡುತ್ತ ಆಕೆ ತಲೆ ಎತ್ತದೆಯೇ, "ಅದರ ಬೆಳಕು ಎಷ್ಟು ದೂರ ಹೋಗತೈತ್ರಿ?" ಎಂದು ಕೇಳಿದ್ದಳು. ಅಂದಿನಿಂದ ಅವನಿಗೆ ನಿದ್ದೆಯಿಲ್ಲ.

ಮಲಕಾಜಪ್ಪನಿಗೆ ಮಾತ್ರ ಕಂಪನಿಯ ಮೇಲೆ ಅನುಮಾನ. "ಹೆಸರು ಕೇಳದ ದೇವರಿಗೆ ಯಾರರ ಕಾಯಿ ಒಡಿತಾರೇನಪಾ? ಗುರುವಾರ ನಾ ಧಾರವಾಡಕ್ಕ ಹೋಗಿ ಸಂಜೀ ಬಸ್ಸಿಗೆ ಬರತೇನಿ. ಅಷ್ಟರಾಗ ನಮ್ಮೂರಾಗ ನಿನ್ನ ಪೆಟಗಿ ಖಾಲಿ ಮಾಡಿ ತೋರಸು, ಲಗ್ನದ ಮಾತು ಮುಗಸೋಣು. ಇಲ್ಲಂದ್ರ ಮನೋಳಿ ಊರಿನ ಗಂಡು ತಯಾರ ಅದಾನ" ಅಂದಿದ್ದ.

ಇದು ಆ ಗುರುವಾರ. ಪೆಟ್ಟಿಗೆಯ ತುಂಬ ಬ್ಯಾಟರಿ.

ಚಹಾದಂಗಡಿಯ ಅಂದಾನೆಪ್ಪ ಒಂದನ್ನು ಎತ್ತಿಕೊಂಡು ಸಂತೆಯ ಎಮ್ಮೆಯನ್ನು ನೋಡುವ ಹಾಗೆ ಹಿಂದೆ ಮುಂದೆ ನೋಡಿದ. ಅದಕ್ಕೆ ಬಾಯಿ ಇದ್ದಿದ್ದರೆ ಹಲ್ಲನ್ನೂ ಎಣಿಸುತ್ತಿದ್ದ.

"ಈ ಹೆಸರು ಯಾವ ಗ್ವಾಡಿ ಮ್ಯಾಲೂ ಬರದಿಲ್ಲಲಾ?"

"ರೇಡಿಯೋದಾಗೂ ಹೇಳಂಗಿಲ್ಲ," ಎಂದ ಮರದ ಬಾಕಿನ ಮೇಲೆ ಕೂತಿದ್ದ ಪರಪ್ಪ.

"ಗ್ವಾಡಿಗೆ ಹಾಕೂ ರೊಕ್ಕಾ ಮಾಲಿಗೆ ಹಾಕ್ಯಾರ್ರಿ. ಅದಕ್ಕ ಇಷ್ಟು ಅಗ್ಗ."

"ಮಾಲು ಛಲೋ ಇದ್ರ ಅಗ್ಗ ಯಾಕ ಕೊಡತಾರ?"

"ತುಟ್ಟಿ ಮಾಡಿದ್ರ ತಗೋತೀರೇನ್ರಿ?"

"ತುಟ್ಟಿ ಆದ್ರ ಹಳೇ ಕಂಪನೀದ ತಗೋತೇವಿ," ಎಂದ ಅಂದಾನೆಪ್ಪ. "ನಮ್ಮಪ್ಪನ ಕಾಲದ್ದು. ಕೆಟ್ಟರೂ ಎಲ್ಲಿ ಕೆಡತೈತಿ ಅಂತ ಗೊತ್ತೈತಿ."

ಆಗ ಉಳವಪ್ಪ ಸೋತು ಅಂದ: "ಕಾಕಾ, ಪುಕ್ಕಟ ಕೊಡತೇನ್ರಿ. ಎಂಟು ದಿನ ಇಟಗೊರ್ರಿ. ಮನಸಿಗೆ ಬಂದ್ರ ಆಮ್ಯಾಲ ರೊಕ್ಕಾ ಕೊಡ್ರಿ."

ಅಂಗಡಿಯಲ್ಲಿ ಚಹಾ ಸುರ್‌ ಎನ್ನುವ ಸದ್ದು ನಿಂತಿತು.

ತುರ್ತು ಪರಿಸ್ಥಿತಿಯ ಎಪ್ಪತ್ತಾರನೇ ಇಸವಿ ಅದು. ಆ ಬೇಸಿಗೆಯಲ್ಲಿ ಹಳ್ಳಿಯ ಗಂಡಸರಿಗೆ ಏನಾದರೂ ಪುಕ್ಕಟೆ ಸಿಗುತ್ತಿದ್ದುದು ಒಂದೇ ಕಡೆ, ಮಕ್ಕಳಾಗದಂತೆ ಆಪರೇಷನ್ ಮಾಡುವ ಕ್ಯಾಂಪಿನಲ್ಲಿ. ಕಿತ್ತೂರ ಕಡೆ ಬಕೀಟು ಕೊಟ್ಟರಂತೆ, ರಾಮದುರ್ಗದ ಕಡೆ ಕಂಬಳಿಯಂತೆ ಎಂದು ಸುದ್ದಿ ಬಸ್ಸಿಗಿಂತ ಮೊದಲು ಬರುತ್ತಿತ್ತು.

"ನಿನ್ನ ಯಾರು ಕಳಿಸ್ಯಾರ?" ಪರಪ್ಪ ಮೆಲ್ಲಗೆ ಕೇಳಿದ.

"ಕಂಪನ್ಯಾವ್ರು ರೀ."

"ಹೆಸರು ಯಾರೂ ಕೇಳದ ಕಂಪನಿ," ಎಂದ ಪರಪ್ಪ. ಅಂದಾನೆಪ್ಪ ಅವನ ಮುಖ ನೋಡಿದ. ಎರಡೂ ತಲೆ ಒಟ್ಟಿಗೆ ಅಲ್ಲಾಡಿದವು.

ಬೆಳಕು ನೋಡಿದರೆ ಇವರು ಒಪ್ಪುತ್ತಾರೆ ಎಂದು ಉಳವಪ್ಪ ಗುಂಡಿ ಒತ್ತಿದ. ಹೊರಗೆ ಹಪ್ಪಳ ಒಣಗುವ ಬಿಸಿಲು. ಬ್ಯಾಟರಿಯ ಬೆಳಕು ಮಲಪ್ರಭೆಗೆ ಚಿಟಿಕೆ ಉಪ್ಪು ಹಾಕಿದಂತಾಯಿತು.

"ಬಿಸಿಲಾಗ ಕಾಣಂಗಿಲ್ರಿ. ಹಿಂದ ಕತ್ತಲಿ ಖೋಲಿ ಐತೇನು? ಒಬ್ಬೊಬ್ಬರ ಒಳಗ ಬರ್ರಿ. ಎರಡು ಮಿನಿಟಿನ ಕೆಲಸ. ಮನ್ಯಾಗ ಕೇಳೂದೂ ಬ್ಯಾಡ."

ಏಳು ಸಮುದ್ರದಾಚೆಯ ರಾಕ್ಷಸ ಸೀನಿದರೆ ಊರೇ ಖಾಲಿಯಾಗುತ್ತದಂತಲ್ಲ, ಹಾಗೆ ಬಾಕು ಖಾಲಿಯಾಯಿತು. ಅಂದಾನೆಪ್ಪ ಕುದಿಯುವ ಚಹಾ ಬಿಟ್ಟು ಹಿತ್ತಲು ಹಾರಿದ. ಪರಪ್ಪ ಚಪ್ಪಲಿಯನ್ನೂ ಮರೆತ. ಉಳವಪ್ಪ ಒಳ್ಳೆಯವನು, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಉರಿಯುತ್ತಲೇ ಇದ್ದ ಬ್ಯಾಟರಿ ಹಿಡಿದು, "ಅಣ್ಣಾರ, ನಿಂದರ್ರಿ" ಎನ್ನುತ್ತ ಬೆನ್ನು ಹತ್ತಿದ. ನಿಲ್ಲು ಎಂದಷ್ಟೂ ಪರಪ್ಪ ಓಡಿದ.

ಪರಪ್ಪನ ತಾಯಿ ಶೆಟ್ಟೆವ್ವ ಅಂಗಳದಲ್ಲಿ ಖಾರ ಕುಟ್ಟುತ್ತಿದ್ದಳು. "ಯವ್ವಾ, ಆಪರೇಷನ್‌ದಾಂವ" ಎಂದು ಮಗ ಒಳಗೆ ಸೇರಿ ಅಗಳಿ ಹಾಕಿಕೊಂಡ.

"ನನ್ನ ಮಗನ ಲಗ್ನಾಗಿ ಮೂರು ತಿಂಗಳಾಗಿಲ್ಲೋ ಭಾಡ್ಯಾ," ಎಂದು ಶೆಟ್ಟೆವ್ವ ಒನಕೆ ಬೀಸಿದಳು. ಅದು ಉಳವಪ್ಪನ ತೊಡೆಯ ಸಂದಿಗೆ ಬಿತ್ತು. ಬ್ಯಾಟರಿ ಕಲ್ಲಿನ ಮೇಲೆ ಬಿದ್ದು ಗಾಜು ಒಡೆಯಿತು.

ಮಧ್ಯಾಹ್ನ ಅವನು ಸಾಲಿಯ ಮುಂದಿನ ಬೇವಿನ ನೆರಳಿನಲ್ಲಿ ಪೆಟ್ಟಿಗೆಯ ಮೇಲೆ ಕುಳಿತು, ಮನೋಳಿಯ ಗಂಡು ಹೇಗಿರಬಹುದು ಎಂದು ಯೋಚಿಸುತ್ತಿದ್ದಾಗ ಜೀಪೊಂದು ಬಂದು ನಿಂತಿತು. ನಿಜವಾದ ಕ್ಯಾಂಪಿನವರು; ಬೇಸಿಗೆ ರಜೆಗೆ ಖಾಲಿಯಿದ್ದ ಸಾಲಿಯ ಕೋಣೆಯಲ್ಲೇ ಅವರ ಆಪರೇಷನ್. ಡಾಕ್ಟರು, ಕಂಪೌಂಡರು, ಆರಾರು ಮಕ್ಕಳಾಗಿ ಸುಸ್ತಾದ ಸುತ್ತಲಿನ ಹಳ್ಳಿಯ ಕೆಲವು ತಂದೆಯರು. ಕೊಡಬೇಕಾಗಿದ್ದ ಬಕೀಟುಗಳ ಲಾರಿ ಮಾತ್ರ ಬಂದಿರಲಿಲ್ಲ.

"ಪೆಟಗ್ಯಾಗ ಏನೈತೋ?" ಎಂದು ಕಂಪೌಂಡರು ಕೇಳಿದ.

"ಬ್ಯಾಟರಿ ರೀ. ಭಾಳ ಅಗ್ಗ. ಅಗ್ಗ ಯಾಕ ಅಂತ ಕೇಳಂಗಿಲ್ಲೇನ್ರಿ?"

"ಅಗ್ಗ ಅಂತನ ತಗೊಳ್ಳಾಕ ಹತ್ತೇವಿ. ಎಲ್ಲಾ ಇಳಸು."

ಗಾಜು ಒಡೆದಿದ್ದೊಂದನ್ನು ಬಿಟ್ಟು ಪೆಟ್ಟಿಗೆ ಪೂರ್ತಿ ಖಾಲಿ. ಡಾಕ್ಟರು ಕನಿಕರಪಟ್ಟು ಅವನ ತೊಡೆಗೆ ಮುಲಾಮನ್ನೂ ಹಚ್ಚಿಸಿದರು. ಸಂಜೆಯ ಹೊತ್ತಿಗೆ ಸಾಲಿಯಿಂದ ಒಬ್ಬೊಬ್ಬರೇ ಕಾಲು ಅಗಲಿಸಿ, ಕೈಯಲ್ಲಿ ಚಕೋರ ಹಿಡಿದು ಹೊರಬಂದರು. ಊರು ಸಂದಿಯಿಂದ, ಕಿಟಕಿಯಿಂದ, ಮಾಳಿಗೆಯಿಂದ ನೋಡಿತು. ನಾಲ್ಕು ತಿಂಗಳು ಯಾರೂ ಕೇಳದ ಹೆಸರು ಒಂದೇ ಹೊತ್ತಿನಲ್ಲಿ ಮನೆಮಾತಾಯಿತು.

ಧಾರವಾಡದ ಬಸ್ಸು ಬಂದಾಗ ಉಳವಪ್ಪನಿಗಿಂತ ಮೊದಲು ಅಂದಾನೆಪ್ಪನೇ ಬಾಗಿಲಿಗೆ ಹೋಗಿ, ಇಳಿಯುತ್ತಿದ್ದ ಮಲಕಾಜಪ್ಪನ ಕಿವಿಯಲ್ಲಿ ಕ್ಯಾಂಪು, ಚಕೋರ ಎಲ್ಲ ಹೇಳಿ ಮುಗಿಸಿದ. ಆಗಲೇ ಸಾಲಿಯ ಕಡೆಯಿಂದ ಉಳವಪ್ಪ ಬಂದ. ಕಾಲು ಅಗಲಿಸಿ ನಡೆಯುತ್ತಿದ್ದ. ಕೈಯಲ್ಲಿ ಬ್ಯಾಟರಿ. ಮುಖದಲ್ಲಿ ಹುಣ್ಣಿಮೆ.

"ಮಾವಾರ, ಪೆಟಗಿ ಖಾಲಿ."

ಮಲಕಾಜಪ್ಪ ಬ್ಯಾಟರಿ ನೋಡಿದ. ನಡಿಗೆ ನೋಡಿದ. "ನೋಯತೈತೇನು?"

"ಸ್ವಲ್ಪ ರೀ. ಎರಡು ದಿನದಾಗ ಹೋಗತೈತಿ ಅಂದ್ರು ಡಾಕ್ಟರು."

"ಮಗನ, ಲಗ್ನಾ ಆಗೂಕಿಂತ ಮೊದಲ?" ಮಲಕಾಜಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. "ನಿನ್ನ ಕಂಪನಿ ಮ್ಯಾಲ ಇನ್ನ ನನಗ ಸಂಶೇ ಇಲ್ಲ. ಭಾಳ ಹೆಸರು ಮಾಡೇತಿ. ಆದ್ರ ನನಗ ಮೊಮ್ಮಕ್ಕಳು ಬೇಕಪಾ."

ಆಗ ಉಳವಪ್ಪನಿಗೆ ತಿಳಿಯಿತು. "ನಾ ಮಾಡಿಸಿಗೊಂಡಿಲ್ರಿ. ನಾ ಮಾರಾಂವ. ಒನಕಿ ಬಡದೈತ್ರಿ."

"ಎಲ್ಲಾರೂ ಏನರೆ ಒಂದು ಹೇಳತಾರ," ಎಂದ ಅಂದಾನೆಪ್ಪ. "ಮನ್ಯಾಗ ಕೇಳಿರಂಗಿಲ್ಲ, ಪಾಪ."

ಮಲಕಾಜಪ್ಪ ಹೊರಟುಹೋದ. ಬೈಲಹೊಂಗಲಕ್ಕೆ ಹೋಗುವ ಬಸ್ಸೂ ಅದೇ. ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಉಳವಪ್ಪ ಬ್ಯಾಟರಿಯನ್ನು ಅಂಗಿಯೊಳಗೆ ತುರುಕುತ್ತ ಕುಂಟಿಕೊಂಡು ಹತ್ತಿದ. ಅಂದಾನೆಪ್ಪನ ಮಾತನ್ನು ಬಾಗಿಲಲ್ಲೇ ಕೇಳಿಸಿಕೊಂಡಿದ್ದ ಕಂಡಕ್ಟರು ಅದನ್ನು ಕಂಡೇಬಿಟ್ಟ.

"ಏ, ಸರೀರಿ, ಸರೀರಿ. ಅವರಿಗೆ ಜಾಗಾ ಬಿಡ್ರಿ. ಅಲುಗಾಡಬಾರದು ಅಂತ ಹೇಳಿರತಾರ."

ಒಂದು ಸೀಟಿನ ಮೂವರೂ ಎದ್ದು ನಿಂತರು. ಒಬ್ಬ ಅಜ್ಜ ತನ್ನ ರುಮಾಲನ್ನೇ ಮಡಿಸಿ ಮೆತ್ತೆಯಂತೆ ಹಾಸಿ, "ಕುಂದರ್ರಿ, ಸಾವಕಾಶ" ಎಂದ.

ಉಳವಪ್ಪ ಎಲ್ಲರಿಗೂ ನಿಜ ಹೇಳಲು ಬಾಯಿ ತೆರೆದ. ಆದರೆ ಊರು ಇನ್ನೂ ದೂರವಿತ್ತು, ತೊಡೆ ಬಹಳ ನೋಯುತ್ತಿತ್ತು. ಕುಳಿತುಬಿಟ್ಟ.